ಚಿತ್ತೆ ಮಳೆಯ ಬೆನ್ನಿಗೆ ಬೇಲಿಗೆ ಬರುವವರು

(ಬೆಂಗಳೂರಿನ ಒಂದು ಬಡಾವಣೆಯ ವಾಚನಾಲಯದಲ್ಲಿ, ಭಾನುವಾರದ ಹಕ್ಕಿ ನಡಿಗೆಯ ಹಿಂದಿನ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ನಾವು ಹೋಗುವ ಕಡೆ ಕೆರೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಿಗೂ ಬೇಸರವಾಗಬಾರದು. ಬೆಂಗಳೂರಿನವರಿಗೆ ಹಕ್ಕಿ ನೋಡುವುದೆಂದರೆ ಕೆರೆ ಏರಿಯ ಮೇಲೆ ನಿಲ್ಲುವುದು. ಜಕ್ಕೂರು, ಹೊಸಕೋಟೆ, ಹೆಬ್ಬಾಳ. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆ, ಬಾತುಗಳು ಬಟಾಬಯಲಿನಲ್ಲಿ ಇರುತ್ತವೆ; ಬೈನಾಕ್ಯುಲರ್ ಹಿಡಿದ ಮೊದಲ ದಿನವೇ ಹತ್ತು ಹಕ್ಕಿ ಗುರುತಾಗುತ್ತವೆ. ನಾನು ಕಲಿತದ್ದೂ ಹಾಗೆಯೇ. ನಾಳೆಯ ದಾರಿ ಬೇರೆ. ಹೆಸರಘಟ್ಟ ದಾಟಿ ಸ್ವಲ್ಪ ಮುಂದೆ, ರಾಗಿ ಹೊಲಗಳ ನಡುವೆ ಸಾಗುವ ಹಳೆಯ ಬಂಡಿದಾರಿ ಅದು. ಎರಡೂ ಮಗ್ಗುಲಿಗೆ ಬೇಲಿ. ನಡೆಯುವುದು ಒಟ್ಟು ಒಂದೂವರೆ ಕಿಲೋಮೀಟರ್, ಅದಕ್ಕೆ ಇಟ್ಟುಕೊಂಡಿರುವ ಹೊತ್ತು ಮೂರು ಗಂಟೆ.

ಇಷ್ಟು ನಿಧಾನ ಯಾಕೆ ಅನ್ನುವುದೇ ಇವತ್ತು ನಾನು ಹೇಳಬೇಕಾದ ಮಾತು. ಬೇಲಿಯನ್ನು ನೋಡಲು ಕಲಿಯದೆ ಈ ಕಾಲದ ಹಕ್ಕಿಗಳನ್ನು ನೋಡಲು ಆಗುವುದಿಲ್ಲ. ಇಪ್ಪತ್ತು ವರ್ಷ ಈ ದಾರಿಗಳಲ್ಲಿ ಓಡಾಡಿದ ಮೇಲೆ ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ.

ಈ ಕಾಲ ಎಂದೆ. ಚಳಿದೇಶಗಳ ಪುಸ್ತಕಗಳಲ್ಲಿ ಆಟಮ್ ಎಂದರೆ ಎಲೆ ಕೆಂಪೇರಿ ಉದುರುವ ಹೊತ್ತು. ನಮ್ಮ ಶರದೃತುವಿನಲ್ಲಿ ಹೊಲದ ಕಡೆ ಹೋದರೆ ವರ್ಷದಲ್ಲೇ ಅತಿ ಹೆಚ್ಚು ಹಸಿರು ಕಾಣುತ್ತದೆ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಜೋರು ಮಳೆ. ಹೊಲದವರ ಲೆಕ್ಕದಲ್ಲಿ ಹಸ್ತ ಮಳೆ ಕಳೆದು ಈಗ ಚಿತ್ತೆ ನಡೆಯುತ್ತಿದೆ. ಅಕ್ಟೋಬರ್ 24ರ ಹೊತ್ತಿಗೆ ಸ್ವಾತಿ ಹುಟ್ಟುತ್ತದೆ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಅಂತ ಗಾದೆ ಇದೆಯಲ್ಲ, ಅದು ಎಷ್ಟು ನಿಜ ಎನ್ನುವುದು ಹೊಲದ ದಾರಿಯಲ್ಲಿ ನಡೆದರೆ ತಿಳಿಯುತ್ತದೆ. ಚಿತ್ತೆ ಒಂದು ಹೊಲಕ್ಕೆ ಸುರಿದು ಪಕ್ಕದ ಹೊಲವನ್ನು ಒಣಗಿಯೇ ಬಿಟ್ಟು ಹೋಗುತ್ತದೆ. ಸುರಿದ ಕಡೆ ಮಾರನೆಯ ದಿನ ನೆಲದೊಳಗಿಂದ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುತ್ತದೆ. ಈಸಲು ಎದ್ದ ಕಡೆಗೆ ಕಾಜಾಣ, ಗೊರವಂಕ, ಕಾಗೆ, ಹದ್ದು ಎಲ್ಲವೂ ಬಂದು ಸೇರುತ್ತವೆ. ಹಾಗಾಗಿ ನಾಳೆ ಎಲ್ಲಿ ಎಷ್ಟು ಹಕ್ಕಿ ಅಂತ ನಾನು ಭರವಸೆ ಕೊಡಲಾರೆ. ಚಿತ್ತೆ ಎಲ್ಲಿ ಎರಚಿದೆಯೋ ಅಲ್ಲಿ.

ಆದರೆ ಈ ತಿಂಗಳಿಗೆ ಅದರದೇ ಆದ ಒಂದು ಸಂದಣಿ ಇದೆ. ಮುಂಗಾರಿನಲ್ಲಿ ಗೂಡು ಕಟ್ಟಿದ ಊರಿನ ಹಕ್ಕಿಗಳ ಮರಿಗಳು ಈಗ ಹೊರಗೆ ಬಂದು ಸ್ವಂತ ಬದುಕು ಶುರು ಮಾಡಿವೆ. ಹುಳುಹುಪ್ಪಟೆ ವರ್ಷದಲ್ಲೇ ಹೆಚ್ಚು. ರಾಗಿ ಹೊಡೆ ಬಿಚ್ಚಿ ತೆನೆ ಕಟ್ಟುತ್ತಿದೆ, ಹುಲ್ಲೆಲ್ಲ ಬೀಜಕ್ಕೆ ಬಂದಿದೆ. ಇದರ ನಡುವೆ ಉತ್ತರದಿಂದ ವಲಸೆ ಹಕ್ಕಿಗಳು ಬಂದಿಳಿಯುತ್ತಿವೆ. ಹುಟ್ಟಿದವರು, ಬಂದವರು, ಹಾದು ಹೋಗುವವರು, ಮೂವರೂ ಒಂದೇ ಬೇಲಿಯಲ್ಲಿ ಸಿಗುವುದು ಈ ಐದಾರು ವಾರ ಮಾತ್ರ.

ಹೊಸಬರಿಗೆ ಒಂದು ಎಚ್ಚರಿಕೆ. ಪುಸ್ತಕದ ಚಿತ್ರದಂತೆ ಹಕ್ಕಿಗಳು ಈಗ ಇರುವುದಿಲ್ಲ. ಜುಲೈನಲ್ಲಿ ಚಿನ್ನದ ಟೋಪಿ ಹಾಕಿಕೊಂಡಂತಿದ್ದ ಗಂಡು ಗೀಜಗ ಈಗ ಆ ಹಳದಿಯನ್ನು ಕಳಚಿ, ಹೆಣ್ಣಿನ ಹಾಗೆ, ದೂರಕ್ಕೆ ಹೆಣ್ಣು ಗುಬ್ಬಚ್ಚಿಯ ಹಾಗೆ ಕಾಣುತ್ತದೆ. ಅದಕ್ಕೆ ತದ್ವಿರುದ್ಧವಾದದ್ದು ಕೆಂಪು ರಾಟವಾಳ. ಅದರ ಗಂಡು ಈಗಲೇ ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ, ಯಾಕೆಂದರೆ ಅದು ಗೂಡು ಕಟ್ಟುವುದೇ ಮಳೆಗಾಲದ ಕೊನೆಯಲ್ಲಿ, ಹುಲ್ಲು ಬೀಜ ಬಿಟ್ಟಾಗ. ಎತ್ತರದ ಹುಲ್ಲಿನ ತುದಿಯಲ್ಲಿ ಬಿಳಿ ಚುಕ್ಕಿಯ ಕೆಂಪು ಉಂಡೆ ಅಲುಗಾಡಿದರೆ ಅದೇ. ಗೀಜಗ ಬಿಟ್ಟುಹೋದ ಗೂಡುಗಳಿಗೂ ಕೆಲಸ ಮುಗಿದಿರುವುದಿಲ್ಲ. ಬಿಳಿಗಂಟಲಿನ ರಾಟವಾಳಗಳು ಅವುಗಳೊಳಗೆ ಸಂಸಾರ ಹೂಡುತ್ತವೆ. ನಾಳೆಯ ದಾರಿಯಲ್ಲಿ ಒಂದು ಬಾವಿ ಇದೆ, ಅದರ ಮೇಲೆ ಬಾಗಿದ ಮರದಲ್ಲಿ ಹದಿನಾರು ಗೂಡುಗಳಿವೆ. ಖಾಲಿ ಅಂದುಕೊಂಡು ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ.

ಇನ್ನು ಬೇಲಿ.

ನಮ್ಮ ಕಡೆಯ ಹೊಲದ ಬೇಲಿಯನ್ನು ಒಬ್ಬರು ಒಂದು ವರ್ಷದಲ್ಲಿ ಮಾಡಿದ್ದಲ್ಲ. ಯಾರೋ ಅಜ್ಜ ದನ ನುಗ್ಗದಿರಲಿ ಅಂತ ಸಾಲಾಗಿ ಕಳ್ಳಿ ನೆಟ್ಟ, ನಡುವೆ ಕತ್ತಾಳೆ ಇಟ್ಟ. ಹಸಿರುಗೊಬ್ಬರಕ್ಕೆ ಹೊಂಗೆ, ಬುಟ್ಟಿ ಹೆಣೆಯುವುದಕ್ಕೆ ಲಕ್ಕಿ, ಮುಳ್ಳಿಗೆ ಜಾಲಿ. ಅಲ್ಲಲ್ಲಿ ತಂಗಡಿ, ಬಂದರಿಕೆ, ಸೀತಾಫಲ. ಇಷ್ಟು ಮನುಷ್ಯರ ಕೆಲಸ. ಉಳಿದದ್ದನ್ನು ನೆಟ್ಟದ್ದು ಹಕ್ಕಿಗಳು. ಪಿಕಳಾರ, ಕೋಗಿಲೆ, ಗೊರವಂಕ ಹಣ್ಣು ತಿಂದು ಬೇಲಿಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಬೇವು, ತೊಂಡೆಬಳ್ಳಿ, ಲಂಟಾನ ಅಲ್ಲಿ ಹುಟ್ಟುತ್ತವೆ. ಶ್ರೀಗಂಧವೂ ಹೀಗೇ ಬಂದದ್ದು. ಗಂಧದ ಗಿಡ ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಚುಚ್ಚಿ ಅರ್ಧ ಊಟ ಅಲ್ಲಿಂದಲೇ ಪಡೆಯುವಂಥದ್ದು, ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ನೂರು ಬಗೆಯ ಬೇರುಗಳು ಹೆಣೆದುಕೊಂಡಿರುವ ಬೇಲಿಗಿಂತ ಒಳ್ಳೆಯ ತೊಟ್ಟಿಲು ಅದಕ್ಕೆ ಎಲ್ಲಿ? ಕಪ್ಪು ಹಣ್ಣು ತಿಂದ ಪಿಕಳಾರ ಬೀಜವನ್ನು ತಂದು ಅದಕ್ಕೆ ಬೇಕಾದ ಜಾಗದಲ್ಲೇ ಹಾಕುತ್ತದೆ. ಗಂಧದ ನಾಡು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಗಂಧವನ್ನು ಊರೂರಿಗೆ ಹಂಚಿದ ಹಕ್ಕಿಯ ಹೆಸರನ್ನೂ ಜೊತೆಗೇ ಹೇಳಬೇಕು ಎಂದು ನನಗೆ ಆಸೆ.

ಲಂಟಾನದ ಬಗ್ಗೆ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅದು ಹೊರನಾಡಿನ ಗಿಡ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದದ್ದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಂಥ ಕಾಡುಗಳಲ್ಲಿ ಅದು ನೆಲವನ್ನೆಲ್ಲ ನುಂಗಿದೆ, ಅಲ್ಲಿ ಕೀಳಲೇಬೇಕು. ಹೊಲದ ಬೇಲಿಯಲ್ಲಿ ಮಾತ್ರ ಅದನ್ನು ನೋಡಿದ ಕೂಡಲೇ ಕೀಳಿ ಎಂದು ನಾನು ಹೇಳಲಾರೆ. ಬೇರೆ ಪೊದೆಗಳೆಲ್ಲ ಹೋದ ಮೇಲೆ ಎಷ್ಟೋ ಬೇಲಿಗಳಲ್ಲಿ ಉಲಿಯಕ್ಕಿಯಂಥ ಪುಟ್ಟ ಪೊದೆಹಕ್ಕಿಗೆ ಉಳಿದಿರುವ ಕೊನೆಯ ಮರೆ ಅದೊಂದೇ. ಮೊದಲು ಕಾರೆ, ಕವಳೆ, ಲಕ್ಕಿ ಬೆಳೆಯಲಿ, ಆಮೇಲೆ ಅದನ್ನು ತೆಗೆಯೋಣ.

ಬೇಲಿಗೆ ಮನೆಯ ಹಾಗೆ ಮಹಡಿಗಳಿವೆ. ಬುಡದಲ್ಲಿ, ಒಣ ಎಲೆ ಬಿದ್ದ ನೆರಳಿನಲ್ಲಿ ಗೌಜಲ ಹಕ್ಕಿ, ಲಾವುಗೆ, ಬಾಲ ಎತ್ತಿಕೊಂಡೇ ಓಡಾಡುವ ಚಿಟ್ಟುಮಡಿವಾಳ. ಹರಟೆಮಲ್ಲಗಳ ಗುಂಪು ಅಲ್ಲೇ ಎಲೆ ಮಗುಚುತ್ತಿರುತ್ತದೆ. ಕೆಂಬೂತ ಕೂಡ ಈ ಬುಡದ ಮಹಡಿಯದೇ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆ ಕಟ್ಟಿ ಈ ಹಕ್ಕಿಯನ್ನು ನಾವು ಬಹಳ ಚಿಕ್ಕದು ಮಾಡಿದ್ದೇವೆ. ಬೆಳಗಿನ ಬಿಸಿಲಿಗೆ ಅದು ತಾಮ್ರದ ರೆಕ್ಕೆಗಳನ್ನು ಹರಡಿ ಬೇಲಿಯ ನೆತ್ತಿಯಲ್ಲಿ ಕೂತದ್ದನ್ನು ಒಮ್ಮೆ ಕಂಡವರು ಆ ಗಾದೆಯನ್ನು ಮತ್ತೆ ಹೇಳುವುದಿಲ್ಲ. ಕಂಬಳಿಹುಳು, ಬಸವನಹುಳು, ಇಲಿಮರಿ, ಎಲ್ಲವನ್ನೂ ತಿನ್ನುವ ಹಕ್ಕಿ ಅದು, ಹೊಲಕ್ಕೆ ಬಹಳ ಬೇಕಾದದ್ದು.

ನಡುಮಹಡಿ ಉಲಿಯಕ್ಕಿ ಮತ್ತು ಎಲೆ ಹೊಲಿದು ಗೂಡು ಮಾಡುವ ಸಿಂಪಿಗದ್ದು. ಬೂದು ಉಲಿಯಕ್ಕಿ ಪೊದೆಯಿಂದ ಪೊದೆಗೆ ಹಾರುವಾಗ ಚಿಟಿಕೆ ಹೊಡೆದಂತೆ, ತಂತಿಯಲ್ಲಿ ಕಿಡಿ ಸಿಡಿದಂತೆ ಚಟಚಟ ಸದ್ದು ಮಾಡುತ್ತದೆ. ಕಿವಿಗೊಟ್ಟರೆ ನಾಳೆಯೇ ಕೇಳುತ್ತದೆ. ಮೇಲ್ಮಹಡಿಯಲ್ಲಿ ಕಳ್ಳಿಪೀರ, ಹೆಸರಲ್ಲೇ ಕಳ್ಳಿ ಇರುವ ಹಕ್ಕಿ. ಜೇನುನೊಣ ಹಿಡಿದು ತಂದು ಅದೇ ರೆಂಬೆಗೆ ಉಜ್ಜಿ, ಬಡಿದು, ಕೊಂಡಿಯ ವಿಷ ತೆಗೆದು ನುಂಗುತ್ತದೆ. ಅಕ್ಟೋಬರಿನಲ್ಲಿ ಹೊಲದ ಮೇಲೆ ಸಾವಿರಾರು ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿರುತ್ತವೆ. ಅವುಗಳಲ್ಲಿ ಅಲೆಮಾರಿ ಜಾತಿಯೊಂದಿದೆ. ಮಳೆಗಾಳಿ ತಿರುಗಿದಾಗ ಅದರ ಹಿಂಡುಗಳು ಮಾಲ್ಡೀವ್ಸ್ ಮೇಲಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ. ಅಂಥದ್ದೊಂದು ಪಯಣಿಗ ನಮ್ಮ ಕಳ್ಳಿಪೀರದ ಕೊಕ್ಕಿನಲ್ಲಿ ಸಿಕ್ಕಿರುವುದನ್ನು ನೀವು ನಾಳೆ ಕಾಣಬಹುದು.

ಈಗ ಬಂದವರ ಕಡೆಗೆ ಬರುತ್ತೇನೆ. ಅವರಲ್ಲಿ ನನಗೆ ಅತಿ ಹತ್ತಿರದವನು ಕಂದು ಕಳಿಂಗ.

ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಕಂದು ಮೈ, ಕಣ್ಣಿನ ಮೇಲೆ ಕಳ್ಳನ ಮುಖವಾಡದಂಥ ಕಪ್ಪು ಪಟ್ಟಿ, ತುದಿ ಬಾಗಿದ ಗಟ್ಟಿ ಕೊಕ್ಕು. ಸೈಬೀರಿಯಾ, ಮಂಗೋಲಿಯಾ, ಉತ್ತರ ಚೀನಾಗಳಲ್ಲಿ ಹುಟ್ಟಿ ಸೆಪ್ಟೆಂಬರಿಗೆ ನಮ್ಮಲ್ಲಿಗೆ ಬರುತ್ತದೆ. ಬಂದ ಮೊದಲ ದಿನಗಳಲ್ಲಿ ಸಂಜೆ ಬೆಳಿಗ್ಗೆ ಒಂದೇ ಸಮನೆ ‘ಚರ್ರ್ ಚರ್ರ್’ ಎಂದು ಕಿರುಚುತ್ತದೆ. ಅದು ಹಾಡಲ್ಲ, ಈ ಪೊದೆ ನನ್ನದು ಎಂಬ ಕೂಗು. ಗಡಿ ಗೊತ್ತಾದ ಮೇಲೆ ಸುಮ್ಮನಾಗುತ್ತದೆ, ಏಪ್ರಿಲ್‌ವರೆಗೆ ಅಲ್ಲೇ ಇರುತ್ತದೆ. ಮಿಡತೆ, ಹಲ್ಲಿ, ಜೀರುಂಡೆ ಅದರ ಊಟ, ಕೆಲವೊಮ್ಮೆ ಹಿಡಿದದ್ದನ್ನು ಜಾಲಿಯ ಮುಳ್ಳಿಗೆ ಚುಚ್ಚಿಟ್ಟು ಹರಿದು ತಿನ್ನುತ್ತದೆ. ಮುಳ್ಳಿಲ್ಲದ ಬೇಲಿಯಲ್ಲಿ ಅದಕ್ಕೆ ಅಡುಗೆಮನೆ ಇಲ್ಲ.

ಇದರ ಬಗ್ಗೆ ನನ್ನನ್ನು ಮೊದಲ ಸಲ ಬೆರಗುಗೊಳಿಸಿದ್ದು ಮರಳುವಿಕೆ. ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿದ ಕಡೆಗಳಲ್ಲಿ, ಕಂದು ಕಳಿಂಗಗಳು ಸಾವಿರಾರು ಕಿಲೋಮೀಟರ್ ಹೋಗಿ ಮರುವರ್ಷ ಚಳಿಗಾಲಕ್ಕೆ ಅದೇ ಜಾಗಕ್ಕೆ ಬಂದದ್ದು ಕಂಡಿದೆ. ನಾಳೆಯ ದಾರಿಯ ಮೊದಲ ತಿರುವಿನಲ್ಲಿ ಒಂದು ಜಾಲಿ ಇದೆ. ಎಂಟು ವರ್ಷದಿಂದ, ಪ್ರತಿ ಸೆಪ್ಟೆಂಬರ್ ಮೂರನೇ ವಾರ, ಆ ಜಾಲಿಯ ದಕ್ಷಿಣದ ರೆಂಬೆಯಲ್ಲಿ ಒಂದು ಕಂದು ಕಳಿಂಗ ಕೂತಿರುತ್ತದೆ. ಒಬ್ಬ ರೈತನ ಬೇಲಿಯ ಮೂಲೆ ಯಾವುದೋ ಹಿಮದ ನಾಡಿನ ಹಕ್ಕಿಯ ನೆನಪಿನಲ್ಲಿ ವಿಳಾಸವಾಗಿ ಕೂತಿದೆ ಎಂದು ಯೋಚಿಸಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡನೆಯದು ಹಸಿರು ಉಲಿಯಕ್ಕಿ. ಇದನ್ನು ನೋಡುವುದು ಕಷ್ಟ, ಕೇಳುವುದು ಸುಲಭ. ಹೊಂಗೆ ಎಲೆಯ ಬಣ್ಣವೇ ಮೈಬಣ್ಣ. ಎಲೆ ಅಲ್ಲಾಡುತ್ತದೆ, ಹಕ್ಕಿ ಕಾಣುವುದಿಲ್ಲ, ‘ಚಿಸ್ವೀ’ ಅಂತ ಚುರುಕಾದ ಎರಡಕ್ಷರದ ಸದ್ದು ಮಾತ್ರ ಬರುತ್ತದೆ. ತೂಕ ಸುಮಾರು 8 ಗ್ರಾಂ. ನಿಮ್ಮ ಜೇಬಿನಲ್ಲಿ ಹತ್ತು ರೂಪಾಯಿ ನಾಣ್ಯ ಇದ್ದರೆ ಅಂಗೈ ಮೇಲೆ ಇಟ್ಟುಕೊಳ್ಳಿ, ಹೆಚ್ಚೂಕಡಿಮೆ ಅಷ್ಟೇ ಭಾರ. ಇಷ್ಟು ಹಗುರ ಜೀವ ಹಿಮಾಲಯ ಮತ್ತು ಅದರಾಚೆಯ ಕಾಡುಗಳಿಂದ ರಾತ್ರಿ ಹಾರಿ ಹಾರಿ ಇಲ್ಲಿಗೆ ಬರುತ್ತದೆ. ಬಂದ ಮೇಲೆ ಚಳಿಗಾಲವಿಡೀ ನಾಲ್ಕಾರು ಮರಗಳ ತನ್ನ ಜಾಗವನ್ನು ಆ ‘ಚಿಸ್ವೀ’ಯಿಂದಲೇ ಕಾಯುತ್ತದೆ. ನಿಮ್ಮ ಬೀದಿಯ ಹೊಂಗೆ ಮರದಲ್ಲೂ ಒಂದು ಇದ್ದೀತು. ಮನೆಗೆ ಹೋದ ಮೇಲೆ ಬೆಳಿಗ್ಗೆ ಏಳಕ್ಕೆ ಕಿಟಕಿ ತೆಗೆದು ಕೇಳಿ.

ಬೇಲಿಯ ಬುಡದಲ್ಲಿ ‘ಟಕ್, ಟಕ್’ ಎಂದು ನಾಲಿಗೆ ಲೊಟಕಿದಂಥ ಸದ್ದು ಬಂದರೆ ಅದು ಬ್ಲಿತ್‌ನ ಜೊಂಡು ಉಲಿಯಕ್ಕಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು 1841ರಿಂದ ಎರಡು ದಶಕ ನೋಡಿಕೊಂಡ ಎಡ್ವರ್ಡ್ ಬ್ಲಿತ್ ಅವರ ಹೆಸರು ಅದಕ್ಕೆ. ಹೆಸರಲ್ಲಿ ಜೊಂಡು ಇದ್ದರೂ ಚಳಿಗಾಲಕ್ಕೆ ಅದು ಬಯಸುವುದು ನಮ್ಮ ಒಣ ಪೊದೆಗಳನ್ನು. ಫಿನ್ಲೆಂಡಿನಷ್ಟು ಪಶ್ಚಿಮದಲ್ಲಿ ಹುಟ್ಟಿದ್ದೂ ಅಕ್ಕಪಕ್ಕದ ಹಕ್ಕಿಗಳಂತೆ ಆಫ್ರಿಕಾಕ್ಕೆ ಹೋಗದೆ ಪೂರ್ವಕ್ಕೆ ತಿರುಗಿ ಭಾರತಕ್ಕೆ ಬರುತ್ತದೆ. ಗುಲಾಬಿ ಕಬ್ಬಕ್ಕಿಗಳದ್ದೂ ಇದೇ ದಾರಿ. ಪೂರ್ವ ಯುರೋಪು, ಮಧ್ಯ ಏಷ್ಯಾದ ಬಯಲುಗಳಲ್ಲಿ ಮಿಡತೆ ತಿಂದು ಮರಿ ಬೆಳೆಸಿ, ನಮ್ಮಲ್ಲಿ ಜೋಳ ಹಾಲುಗಾಳಾಗುವ ಹೊತ್ತಿಗೆ ಹಿಂಡುಹಿಂಡಾಗಿ ಇಳಿಯುತ್ತವೆ.

ಉಳಿದವರ ಹೆಸರು ಬೇಗ ಹೇಳಿಬಿಡುತ್ತೇನೆ. ತಂತಿಯ ಮೇಲೆ ಸಾಲಾಗಿ ಕವಲುತೋಕೆಗಳು. ಉತ್ತ ಸಾಲಿನಲ್ಲಿ ಬಾಲ ಕುಣಿಸುತ್ತ ಓಡುವ ಸಿಪಿಲೆಗಳು. ಎಲ್ಲರಿಗಿಂತ ಮೊದಲು, ಆಗಸ್ಟ್ ಕೊನೆಗೇ ಬರುವುದು ಬೂದು ಸಿಪಿಲೆ. ಹೊಲದ ಮೇಲೆ ಆಳೆತ್ತರದಲ್ಲಿ ತೇಲುತ್ತ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತ ಇಲಿ ಹುಡುಕುವ ಸೆಳೆವ, ಕಜಕಸ್ತಾನದಂಥ ಹುಲ್ಲುನಾಡಿನಿಂದ ಬಂದದ್ದು. ಅದೃಷ್ಟವಿದ್ದರೆ ನವರಂಗ. ಮಧ್ಯ ಭಾರತ, ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ರಾತ್ರಿ ಹಾರುವ ಈ ಹಕ್ಕಿ ಅಕ್ಟೋಬರಿನಲ್ಲಿ ಬೆಂಗಳೂರಿನ ಮನೆಗಳ ಹಿತ್ತಲಿನಲ್ಲಿ ಸುಸ್ತಾಗಿ ಬಿದ್ದು ಸಿಗುವುದುಂಟು. ಸಿಕ್ಕರೆ ಬಾಯಿಗೆ ನೀರು ಹಿಂಡಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು, ವನ್ಯಜೀವಿ ಆರೈಕೆಯವರಿಗೆ ಫೋನ್ ಮಾಡಿ.

ಇವರೆಲ್ಲ ಯಾವಾಗ ಬರುತ್ತಾರೆ, ಹೋಗುತ್ತಾರೆ ಎಂದು ನಾನು ಇಷ್ಟು ಧೈರ್ಯವಾಗಿ ಹೇಳುವುದು ನನ್ನೊಬ್ಬನ ಡೈರಿಯ ಬಲದಿಂದಲ್ಲ. ಡಾ. ಜೋಸೆಫ್ ಜಾರ್ಜ್ ಅವರಂಥ ಹಿರಿಯರು 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಹಕ್ಕಿ ನೋಡುಗರ ಕೂಟ ಕಟ್ಟಿದರು, ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪದ್ಧತಿ ಬೆಳೆಸಿದರು. ಇವತ್ತು ಯಾವ ಹಕ್ಕಿ, ಎಷ್ಟು, ಎಲ್ಲಿ ಅಂತ ಬರೆದಿಡುವ ಶಿಸ್ತು ಊರಿಗೆ ಬಂದದ್ದು ಅಂಥವರಿಂದ. ನಾಳೆ ನಿಮ್ಮ ಕೈಯಲ್ಲೂ ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ ಇರಲಿ.

ಬೇಲಿಯಾಚೆ ಹೊಲ. ಅದು ಬರೀ ರಾಗಿಯಲ್ಲ. ಐದಾರು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ನಡುನಡುವೆ ಜೋಳ, ಸಾಸಿವೆ. ನಮ್ಮ ಕಡೆ ಇದಕ್ಕೆ ಅಕ್ಕಡಿ ಸಾಲು ಅನ್ನುತ್ತಾರೆ. ಮನೆಗೆ ಬೇಕಾದ ಬೇಳೆ, ಎಣ್ಣೆ, ಒಗ್ಗರಣೆ ಎಲ್ಲ ಒಂದೇ ಹೊಲದಲ್ಲಿ. ಹಕ್ಕಿಯ ಕಣ್ಣಿಂದ ನೋಡಿದರೆ ಇದು ಹೊಲದ ನಡುವೆಯೇ ಓಡುವ ಸಣ್ಣ ಬೇಲಿಗಳ ಸಾಲು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು, ಜೇನಿಗೆ ಕಳ್ಳಿಪೀರ. ತೊಗರಿ, ಅವರೆಯ ಕಾಯಿಕೊರಕಕ್ಕೆ ಕಾಜಾಣ, ಗೊರವಂಕ. ಬರಿ ರಾಗಿ ಬೆಳೆದ ಹೊಲದ ಪಕ್ಕ ಹತ್ತು ನಿಮಿಷ, ಅಕ್ಕಡಿ ಇರುವ ಹೊಲದ ಪಕ್ಕ ಹತ್ತು ನಿಮಿಷ ನಿಲ್ಲಿಸುತ್ತೇನೆ. ನೀವೇ ಎಣಿಸಿ.

ಕಾಜಾಣಕ್ಕೆ ಕೂರಲು ಜಾಗ ಬೇಕು, ಅಷ್ಟೇ ಅದರ ಬೇಡಿಕೆ. ಬೇಳೆ ಬೆಳೆಯುವವರಿಗೆ ಕೃಷಿ ವಿಜ್ಞಾನಿಗಳು ಎಕರೆಗೆ ಇಪ್ಪತ್ತರಷ್ಟು ಟಿ ಆಕಾರದ ಕೋಲು ನೆಡಿ ಅಂತ ಹೇಳುತ್ತಾರೆ, ಹಕ್ಕಿ ಕೂತು ಹುಳು ಹಿಡಿಯಲಿ ಅಂತ. ಅಜ್ಜಂದಿರು ಇದೇ ಮಾತನ್ನು ಹಬ್ಬದ ರೂಪದಲ್ಲಿ ಇಟ್ಟಿದ್ದರು ಎಂದು ನನಗೆ ಅನ್ನಿಸುತ್ತದೆ. ಆಶ್ವೀಜದ ಹುಣ್ಣಿಮೆಗೆ ಉತ್ತರ ಕರ್ನಾಟಕದಲ್ಲಿ ಸೀಗೆ ಹುಣ್ಣಿಮೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ತೆನೆ ಹೊತ್ತ ಭೂತಾಯಿಗೆ ಸೀಮಂತ. ಬೇಯಿಸಿದ ಅನ್ನ, ಸೊಪ್ಪನ್ನು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಕಾಗೆಗೂ ಇಲಿಗೂ ಪಾಲು ತೆಗೆದಿಡುವ ಮನೆಗಳಿವೆ. ಅನ್ನದ ಅಗುಳಿಗೆ ಬಂದ ಹಕ್ಕಿ ಹುಳುವನ್ನು ಬಿಟ್ಟು ಹೋಗುತ್ತದೆಯೇ?

ಇಲ್ಲೊಂದು ಪ್ರಶ್ನೆ ಬರುತ್ತದೆ, ಈಗಲೇ ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಕೇಳಿದರು: ಹಕ್ಕಿ ಕಾಳನ್ನೂ ತಿನ್ನುತ್ತದಲ್ಲ, ರೈತರಿಗೆ ನಷ್ಟವಲ್ಲವೇ ಅಂತ. ನಷ್ಟ ಇದೆ. ಗಿಳಿ, ರಾಟವಾಳ, ಗೀಜಗ ತೆನೆಗೆ ಬೀಳುತ್ತವೆ, ನವಿಲುಗಳ ಕಾಟ ಈಚೆಗೆ ಬಹಳ ಹೆಚ್ಚಾಗಿದೆ ಎಂದು ಹೋದ ಹಳ್ಳಿಯಲ್ಲೆಲ್ಲ ಹೇಳುತ್ತಾರೆ, ಅದು ನನ್ನ ಕಣ್ಣಿಗೂ ಕಂಡಿದೆ. ನವಿಲನ್ನು ನೋಡಿ ನಾವು ಫೋಟೋ ತೆಗೆಯುತ್ತೇವೆ, ಆ ಹೊತ್ತಿಗೆ ಅದು ತಿನ್ನುತ್ತಿರುವುದು ಇನ್ನೊಬ್ಬರ ದುಡಿಮೆಯನ್ನು. ಹಾಗಾಗಿ ಹಕ್ಕಿ ಓಡಿಸುತ್ತಿರುವ ರೈತರನ್ನು ಕಂಡರೆ ದಯವಿಟ್ಟು ಉಪದೇಶ ಮಾಡಬೇಡಿ. ತಗಡು ಬಡಿಯುವವರು ಬಡಿಯಲಿ. ಆ ಹೊಲದವರು ಬೇಲಿ ಉಳಿಸಿಕೊಂಡಿದ್ದರಿಂದಲೇ ನಮಗೆ ನಾಳೆಯ ಬೆಳಗು ಸಿಕ್ಕಿದೆ.

ಈ ಮಾತನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆರು ವರ್ಷದ ಹಿಂದೆ ಇದೇ ದಾರಿಯಲ್ಲಿ ಹದಿನೈದು ಮಂದಿಯನ್ನು ಕರೆದುಕೊಂಡು ಹೋಗಿದ್ದೆ. ಸೆಳೆವವೊಂದು ತೀರ ಹತ್ತಿರದಲ್ಲಿ ತೇಲಿ ಬಂತು. ಅದನ್ನು ಹಿಂಬಾಲಿಸುವ ಭರದಲ್ಲಿ ನಾನೇ ಮೊದಲು ಬದು ಬಿಟ್ಟು ರಾಗಿಯೊಳಗೆ ಕಾಲಿಟ್ಟೆ. ಉಳಿದವರು ನನ್ನ ಹಿಂದೆ ಬಂದರು. ಹಕ್ಕಿ ಹೋದ ಮೇಲೆ ತಿರುಗಿ ನೋಡಿದರೆ ಹೊಡೆ ಬಿಚ್ಚಿದ ಪೈರು ಎರಡು ಮಾರು ಅಗಲ ಮಲಗಿತ್ತು. ಹೊಲದ ತಾಯಿ ಬಂದರು. ಬೈಯಲಿಲ್ಲ. ಬಗ್ಗಿ ಒಂದೊಂದೇ ದಂಟನ್ನು ಎತ್ತಿ ನಿಲ್ಲಿಸಲು ನೋಡಿದರು, ಅವು ನಿಲ್ಲಲಿಲ್ಲ. “ಹಕ್ಕಿ ನಾಳೀಕೂ ಬತ್ತದೆ, ಈ ತೆನೆ ಏಳಾಕಿಲ್ಲ ಕಣಪ್ಪ” ಅಂದರು. ನಷ್ಟ ಕಟ್ಟಿಕೊಟ್ಟೆ, ಅವರು ಬೇಡವೆಂದರೂ ಕೊಟ್ಟೆ. ಆದರೆ ಅವರು ದಂಟು ಹಿಡಿದು ನಿಂತ ಆ ಹೊತ್ತು ನನ್ನಿಂದ ಹೋಗಿಲ್ಲ. ಅಂದಿನಿಂದ ನಮ್ಮ ನಡಿಗೆಗೆ ಒಂದೇ ಕಟ್ಟಳೆ: ಬಂಡಿದಾರಿ ಬಿಟ್ಟು ಯಾರೂ ಇಳಿಯುವಂತಿಲ್ಲ, ಎಂಥ ಹಕ್ಕಿ ಬಂದರೂ.

ನಮ್ಮ ರಾಜ್ಯಪಕ್ಷಿ ನೀಲಕಂಠ. ಕೂತಾಗ ಸಾದಾ ಕಂದು, ಹಾರಿದಾಗ ಎರಡು ಬಗೆಯ ನೀಲಿ ಸಿಡಿಯುತ್ತದೆ. ಬೇಲಿಯ ಒಣಮರದ ತುದಿ, ತಂತಿ, ಅವೇ ಅದರ ಪೀಠ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಲೆಕ್ಕಹಾಕಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖವಾಗಿದ್ದವು. ನೀಲಕಂಠ ಮೂವತ್ತು ಪ್ರತಿಶತಕ್ಕಿಂತ ಹೆಚ್ಚು ಕುಸಿದ, ಅಪಾಯದ ಪಟ್ಟಿಗೆ ಮರುಪರಿಶೀಲಿಸಬೇಕಾದ ಹಕ್ಕಿಗಳಲ್ಲಿ ಒಂದು. ಹುಲ್ಲು, ಕುರುಚಲು, ಹೊಲದಂಥ ತೆರೆದ ನೆಲದ ಹಕ್ಕಿಗಳಿಗೇ ಪೆಟ್ಟು ಹೆಚ್ಚು ಎಂದೂ ಆ ವರದಿ ಹೇಳುತ್ತದೆ. ಕಾಡು ಕಡಿದರೆ ಸುದ್ದಿಯಾಗುತ್ತದೆ. ಬೇಲಿ ಹೋದರೆ ಯಾರೂ ಬರೆಯುವುದಿಲ್ಲ.

ಬೆಂಗಳೂರಿನ ಅಂಚಿನಲ್ಲಿ ಮೊದಲು ಹೋಗುವುದು ಬೇಲಿಯೇ. ಹೊಲ ಮಾರಾಟವಾದ ಮರುದಿನ ಜೆಸಿಬಿ ಬರುತ್ತದೆ, ಗಡಿ ಕಾಣಬೇಕಲ್ಲ, ಕಳ್ಳಿ, ಜಾಲಿ, ಹೊಂಗೆ ಒಂದೇ ಬೆಳಿಗ್ಗೆ ಬುಡಸಮೇತ ಏಳುತ್ತವೆ. ಆಮೇಲೆ ಸಿಮೆಂಟ್ ಕಂಬ, ತಂತಿ, ಇಲ್ಲವೇ ಬ್ಲಾಕಿನ ಗೋಡೆ. ಒಳಗಿನ ನೆಲ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಹೊಲ ಮಾರದವರೂ ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯುತ್ತಾರೆ, ಕೂಲಿ ಸಿಗುವುದಿಲ್ಲ, ಅವರ ಕಷ್ಟ ಅವರಿಗೆ. ಎರಡು ವರ್ಷದ ಹಿಂದೆ ನಾಳೆಯ ದಾರಿಯ ಎಡಗಡೆ ಬೇಲಿ ಅರ್ಧ ಹೋಯಿತು. ಆ ಉದ್ದಕ್ಕೂ ನಡೆಯುವಾಗ ಮಾತಾಡದೆ ಎಣಿಸಿ ಎಂದು ಹೇಳುತ್ತೇನೆ. ತಂತಿಯ ಮೇಲೆ ಒಂದೆರಡು ಕಾಜಾಣ, ಬೆಳವ. ಬುಡದವರು, ನಡುಮಹಡಿಯವರು ಯಾರೂ ಇಲ್ಲ.

ನೀವು ಏನು ಮಾಡಬಹುದು ಎಂದು ಕೇಳಿದ ಹುಡುಗಿಗೆ: ನಿಮ್ಮ ತಾತನ ಊರಲ್ಲಿ ಜಮೀನಿದೆ ಎಂದಿರಲ್ಲ, ಅಲ್ಲಿ ತಂತಿ ಹಾಕಿಸಲೇಬೇಕು ಎಂದಾದರೆ ಹಳೆಯ ಬೇಲಿಯ ಒಳಮಗ್ಗುಲಿಗೆ ಹಾಕಿಸಿ. ಬೇಲಿಯೂ ಇರುತ್ತದೆ, ತಂತಿಯೂ ಇರುತ್ತದೆ. ತಂತಿಗೆ ತೊಂಡೆಬಳ್ಳಿ ಹಬ್ಬಿಸಿ. ಅಪಾರ್ಟ್‌ಮೆಂಟಿನವರು ಕಾಂಪೌಂಡಿನ ಒಳಗೆ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು ಗೋಡೆಯ ಬದಲು ಲಕ್ಕಿ, ಕವಳೆ, ಕರಿಬೇವು, ದಾಸವಾಳ ಸೇರಿಸಿ ನೆಟ್ಟು ಹೆಚ್ಚು ಕತ್ತರಿಸದೆ ಬಿಟ್ಟರೆ ಎರಡನೇ ಮಳೆಗಾಲಕ್ಕೆ ಸಿಂಪಿಗ ಗೂಡು ಹೊಲಿಯುತ್ತದೆ. ನಾನು ಇದನ್ನು ನನ್ನ ಮನೆಯ ಹತ್ತು ಅಡಿ ಜಾಗದಲ್ಲಿ ಮಾಡಿ ನೋಡಿದ್ದೇನೆ.

ನಾಳೆಯ ವಿವರ ಹೇಳಿ ಮುಗಿಸುತ್ತೇನೆ. ಸೂರ್ಯೋದಯ 6 ಗಂಟೆ 10 ನಿಮಿಷಕ್ಕೆ, ಅದಕ್ಕೆ ಮೊದಲು ದಾರಿಯ ಬಾಯಲ್ಲಿ ಇರಬೇಕು. ಬಿಳಿ, ಕೆಂಪು ಬಟ್ಟೆ ಬೇಡ. ಇಬ್ಬನಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಕಣಕಾಲು ಮುಚ್ಚುವ ಶೂ ಇರಲಿ, ಬೇಲಿಯೊಳಗೆ ಕೈ ಹಾಕುವುದು ಬೇಡ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದು ಖಂಡಿತ ಬೇಡ. ಗಡಿ ಕಾಯಲು ಬಂದ ಹಕ್ಕಿಗೆ ಇಲ್ಲದ ಶತ್ರುವನ್ನು ತೋರಿಸಿ ಅದರ ಬೆಳಗಿನ ಊಟ ಕೆಡಿಸಿದಂತೆ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಇದ್ದರೆ ಇರಲಿ, ಆದರೆ ಮೊದಲ ಅರ್ಧ ಗಂಟೆ ಜೇಬಿನಲ್ಲೇ ಇರಲಿ. ತಿಂಡಿಗೆ ಆ ರಾಗಿ ಹೊಲದ ತಾಯಿಯ ಮನೆಯಲ್ಲೇ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹೇಳಿದ್ದೇನೆ, ತಲಾ ಇಷ್ಟು ಅಂತ ಅವರಿಗೆ ಕೊಡೋಣ.

ಇಳಿದ ತಕ್ಷಣ ಮೊದಲ ತಿರುವಿನಲ್ಲಿ ಹತ್ತು ನಿಮಿಷ ನಿಲ್ಲುತ್ತೇವೆ. ಬಲಗಡೆಯ ಬೇಲಿ ಇನ್ನೂ ಪೂರ್ತಿ ಇದೆ. ಮೊನ್ನೆ ಬುಧವಾರ ಹೋಗಿ ನೋಡಿ ಬಂದೆ. ಜಾಲಿ ಅಲ್ಲೇ ಇದೆ, ದಕ್ಷಿಣದ ರೆಂಬೆಯಲ್ಲಿ ಅದೂ ಇದೆ. ನಮ್ಮನ್ನು ನೋಡಿದ ಕೂಡಲೇ ‘ಚರ್ರ್’ ಎಂದು ಬೈಯಲು ಶುರು ಮಾಡುತ್ತದೆ. ಯಾರೂ ಕೈ ತೋರಿಸಬೇಡಿ, ಕ್ಯಾಮೆರಾ ಎತ್ತಬೇಡಿ. ಅದು ಬೈದು ಮುಗಿಸಿ ಮತ್ತೆ ಮಿಡತೆಯ ಕಡೆ ತಿರುಗುವವರೆಗೆ ಕಾಯೋಣ, ಆಮೇಲೆ ನಡೆಯೋಣ.